ಮೇಲುಕೋಟೆ ಏರಿನಲ್ಲಿ ನಿಂತ ಕಾರು, ಅದರಡಿ ಮಲಗಿದ ಮಂಚಯ್ಯ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಾರಿನ ಹೊಟ್ಟೆಯೊಳಗೆ ಏನೇನಿದೆ ಎಂಬುದು ನನಗೆ ಸರಿಯಾಗಿ ತಿಳಿಯದು. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದ್ದು, ಅದರಲ್ಲೂ ಎಂಜಿನ್ನಿನ ಪಾಠ ಇರಲಿಲ್ಲ. ಆ ವಿದ್ಯೆಯಲ್ಲಿ ಮೂವತ್ತು ವರ್ಷ ಸವೆಸಿದ ಒಬ್ಬರ ಬಗ್ಗೆ ಬರೆಯುವುದು ದುಡುಕೇ ಇರಬಹುದು. ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿದರು. ಒಂದು ಕಡೆ, "ಇದ್ನ ತೆಗ್ದುಬುಡ್ತೀರಾ?" ಎಂದು ಕೇಳಿ, ಆಮೇಲೆ ತಾವೇ "ಬ್ಯಾಡ, ಇರ್ಲಿ" ಎಂದರು. ಇನ್ನೂ ತಪ್ಪು ಉಳಿದಿದ್ದರೆ ಅದು ನನ್ನದೇ.

ಜಕ್ಕನಹಳ್ಳಿ ಕ್ರಾಸಿನಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಪಾಂಡವಪುರದ ಮೊದಲ ಬಸ್ಸು ಆಗಷ್ಟೇ ಹೊರಟಿದೆ. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಬೂದು ಬಣ್ಣದ ಹಳೆಯ ಡೀಸೆಲ್ ಕಾರೊಂದು ಎರಡು ಕಲ್ಲುಚಪ್ಪಡಿಗಳ ಮೇಲೆ ಮುಂದಿನ ಗಾಲಿ ಇಟ್ಟುಕೊಂಡು ನಿಂತಿದೆ. ಅದರಡಿಯಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತವೆ. ಹಿಮ್ಮಡಿಯ ಬಿರುಕುಗಳಲ್ಲಿ ಕೂತ ಕರಿ ಆಯಿಲ್ ಯಾವ ಸೋಪಿಗೂ ಬಗ್ಗುವಂಥದ್ದಲ್ಲ. ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿರುವವರು ಮಂಚಯ್ಯ. ಆಧಾರ್ ಕಾರ್ಡಿನ ಪ್ರಕಾರ ಐವತ್ತೈದು ವರ್ಷ. ಅವರ ತಾಯಿ ಹೇಳುತ್ತಿದ್ದುದು ಅದಕ್ಕಿಂತ ಹೆಚ್ಚು.

"ಎಂಜಿನ್ನು ತಣ್ಣಗಿರುವಾಗ್ಲೇ ನೋಡ್ಬೇಕು ಸಾರ್," ಎಂದು ಕಾರಿನ ಕೆಳಗಿನಿಂದ ಮಾತು ಬರುತ್ತದೆ. "ಬಿಸಿ ಆದ್ಮೇಲೆ ಕೈ ಮಡಗಾಕಾಗಲ್ಲ. ಕೈ ಮಡಗ್ದೆ ನಂಗೆ ಏನೂ ಗೊತ್ತಾಗಲ್ಲ."

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ಬಗ್ಗಿ ನೋಡುತ್ತಿರುವವರು ಕಾರಿನ ಮಾಲೀಕ ಚಿಕ್ಕಸ್ವಾಮಿ. ಮೇಲುಕೋಟೆ ದಾಟಿ ಆಚೆಗಿರುವ ಸಣ್ಣ ಊರಿನವರು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಶಾಲು ಹೊದ್ದು ಕೂತಿರುವವರು ಅವರ ಅಕ್ಕ ಮಾಯಮ್ಮ. ಮಾಯಮ್ಮನವರ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಗುತ್ತಾ ಬಂತು. ವಾರಕ್ಕೆರಡು ಸಲ ತಮ್ಮನ ಕಾರಿನಲ್ಲಿ ಪಾಂಡವಪುರಕ್ಕೆ ಡಯಾಲಿಸಿಸ್‌ಗೆ ಹೋಗಿ ಬರುತ್ತಾರೆ. ಹೋಗುವಾಗ ಬೆಟ್ಟ ಇಳಿಯಬೇಕು, ಬರುವಾಗ ಹತ್ತಬೇಕು. ನಾಳೆ ಮತ್ತೆ ಅವರ ಸರದಿ.

"ಬಸ್ಸಲ್ಲಿ ಕರ್ಕಂಡೋಗ್ಬೋದು, ಕರ್ಕಂಡ್ಬರಕ್ಕಾಗಲ್ಲ," ಎನ್ನುತ್ತಾರೆ ಚಿಕ್ಕಸ್ವಾಮಿ. "ಮಿಷನ್ನಿಂದ ಎದ್ಮೇಲೆ ಅಕ್ಕಂಗೆ ತಲೆ ನಿಲ್ಲಲ್ಲ. ಮೇಲುಕೋಟೇಲಿ ಇಳ್ದು ನಮ್ಮೂರ್ಗೆ ಇನ್ನೂ ನಡೀಬೇಕು. ಬ್ಯಾರೆ ಗಾಡಿಯೋರು ಒಂದ್ಸಲ ಬತ್ತಾರೆ, ಎರಡ್ಸಲ ಬತ್ತಾರೆ. ವಾರ ವಾರ ಯಾರು ಬತ್ತಾರೆ ಏಳಿ?"

ಈ ಕಾರು ಒಂದೇ ವಾರದಲ್ಲಿ ಎರಡನೇ ಸಲ ಈ ಶೆಡ್ಡಿಗೆ ಬಂದಿದೆ. ಮೊದಲ ಸಲ ರಿಪೇರಿ ಆಯಿತೆಂದೇ ಹೋಗಿತ್ತು. ಏರಿನಲ್ಲಿ ನಿಂತುಬಿಟ್ಟಿತು.

ಮಂಚಯ್ಯ ಕೆಲಸ ಕಲಿತದ್ದು ಶ್ರೀರಂಗಪಟ್ಟಣದಲ್ಲಿ, ಹೆದ್ದಾರಿ ಪಕ್ಕದ ಲಾರಿ ಗ್ಯಾರೇಜೊಂದರಲ್ಲಿ. ಸ್ಪ್ಯಾನರ್ ತೊಳೆಯುವುದರಿಂದ ಶುರು ಮಾಡಿ, ಎಂಜಿನ್ ಇಳಿಸುವವರೆಗೆ ಅಲ್ಲೇ ಬೆಳೆದರು. ಆಮೇಲೆ ಕೆ.ಆರ್.ಪೇಟೆಯಲ್ಲಿ ಕಬ್ಬಿನ ಲಾರಿಗಳ ಜೊತೆ ಕೆಲವು ಹಂಗಾಮು ಕಳೆದರು. ಮದುವೆಯಾದ ಮೇಲೆ ತಮ್ಮ ಊರಿಗೆ ಹತ್ತಿರವೆಂದು ಈ ಕ್ರಾಸಿಗೆ ಬಂದು ತಗಡು ಹೊದಿಸಿಕೊಂಡರು. ಊರಿನ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಕಾರಣ ಮುಂದೆ ಓದಿದರೆ ತಿಳಿಯುತ್ತದೆ.

ದಿನಕ್ಕೆ ಎರಡೋ ಮೂರೋ ಗಾಡಿ ಬರುತ್ತವೆ. ನಾಗಮಂಗಲದಿಂದ, ಅರಕೆರೆಯಿಂದಲೂ ಹುಡುಕಿಕೊಂಡು ಬರುವವರಿದ್ದಾರೆ. ಎಲ್ಲವೂ ಹಳೆಯ ಡೀಸೆಲ್ ಗಾಡಿಗಳು. ಪಟ್ಟಣದ ದೊಡ್ಡ ಶೋರೂಮುಗಳಲ್ಲಿ ಬಿಡಿಭಾಗ ಸಿಗುವುದಿಲ್ಲ ಎನಿಸಿಕೊಂಡಂಥವು. ಹೊಸ ಗಾಡಿ ಬಂದರೆ ಮಂಚಯ್ಯ ಬಾನೆಟ್ಟನ್ನೇ ಎತ್ತುವುದಿಲ್ಲ. "ಕಂಪ್ಯೂಟರ್ ಸಿಗ್ಸಿ ನೋಡೋವು ನಂಗೆ ಬರಲ್ಲ. ಬರಲ್ಲ ಅಂತ ಏಳಿ ಕಳಿಸ್ತೀನಿ. ಮೈಸೂರಲ್ಲಿ ಚೆನ್ನಾಗಿ ಓದ್ಕಂಡಿರೋ ಹುಡುಗ್ರವ್ರೆ, ಅವ್ರು ಮಾಡ್ತಾರೆ."

ನೆಲದ ಥಂಡಿ ಬೆನ್ನಿಗೆ ಹತ್ತಿ ಹತ್ತಿ, ಈಗ ಎದ್ದು ಕೂರಬೇಕಾದರೆ ಮೊದಲು ಒಂದು ಮಗ್ಗುಲಿಗೆ ಹೊರಳಬೇಕು. ಎಡಗೈಯ ಕಿರುಬೆರಳು ಮಡಚುವುದಿಲ್ಲ. ಹಿಂದೊಮ್ಮೆ ಜಾಕಿ ಜಾರಿ ಗಾಡಿ ಕೂತಾಗ ಸಿಕ್ಕಿಕೊಂಡದ್ದು. ಅಂದಿನಿಂದ ಜಾಕಿಯನ್ನು ನಂಬದೆ ಕಲ್ಲುಚಪ್ಪಡಿ ಇಟ್ಟುಕೊಂಡಿದ್ದಾರೆ. ಇಷ್ಟು ಹೇಳಿ, "ಕೈ ಪೂರ್ತಿ ಓಗ್ನಿಲ್ವಲ್ಲ" ಎಂದು ಮಾತು ಮುಗಿಸುತ್ತಾರೆ.

ಚಿಕ್ಕಸ್ವಾಮಿಯವರ ಕಾರಿಗೆ ಆದದ್ದು ಇಷ್ಟು. ವಾರದ ಹಿಂದೆ ಒಂದು ಮುಸ್ಸಂಜೆ ಒಬ್ಬರೇ ನಾಗಮಂಗಲದ ಕಡೆಯಿಂದ ಬರುತ್ತಿದ್ದಾಗ, ಎದುರಿಗೆ ಕಬ್ಬು ತುಂಬಿದ ಟ್ರಾಕ್ಟರು ಬಂತೆಂದು ರಸ್ತೆಯ ಅಂಚಿಗೆ ಸರಿದರು. ಅಲ್ಲಿ ಹುರುಳಿ ಸೊಪ್ಪು ಹರಡಿತ್ತು. ಸೊಪ್ಪಿನ ಮೇಲೆ ಗಾಡಿ ಹತ್ತಿದ ಕೂಡಲೇ ತಳಕ್ಕೆ ಏನೋ ಬಡಿದು, ಮುಂದಿನಿಂದ ಹಿಂದಿನವರೆಗೂ ಉಜ್ಜಿಕೊಂಡು ಹೋಯಿತು. ಆಮೇಲೆ ಗಾಡಿ ಓಡಿತು, ಆದರೆ ಎಳೆಯುವ ಶಕ್ತಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಮಂಚಯ್ಯ ಅಡಿಗೆ ಹೋಗಿ ನೋಡಿದರೆ ಸೈಲೆನ್ಸರಿಗೆ ಹೋಗುವ ಪೈಪು ಜಜ್ಜಿ ಚಪ್ಪಟೆಯಾಗಿತ್ತು. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಅಷ್ಟು ತುಂಡನ್ನು ಕತ್ತರಿಸಿ ಬೇರೆ ಪೈಪು ಬೆಸೆದರು. ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದರು, ಚೆನ್ನಾಗಿ ಹೋಯಿತು. ಕಳಿಸಿದರು.

ಅದಾದ ಎರಡನೆಯ ದಿನ ಡಯಾಲಿಸಿಸ್ ಮುಗಿಸಿಕೊಂಡು ಬರುವಾಗ ಮೇಲುಕೋಟೆ ಏರಿನ ನಡುವೆ ಕಾರು ನಿಂತಿತು. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ಒಂದು ತಿರುವು ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಆ ಕಥೆಯನ್ನು ಮಾಯಮ್ಮನವರೇ ಟೀ ಅಂಗಡಿಯ ಬೆಂಚಿನಿಂದ ಹೇಳುತ್ತಾರೆ.

"ಇವ್ನು ಬಾನೆಟ್ ಎತ್ಕಂಡು ಒಳೀಕೆ ತಲೆ ಇಟ್ಟ. ನಾನು ಬಂಡೆ ಮ್ಯಾಲೆ ಕುಂತ್ಕಂಡೆ. ಕೋತಿಗಳು ಸಾಲಾಗಿ ಕುಂತು ನನ್ನೇ ನೋಡ್ತಾವೆ. ನಂತಾವ ಏನೈತೆ ಅಂತ ನೋಡ್ತೀರಾ, ಕುಡಿಯಾಕೆ ನೀರೂ ಅಳ್ದು ಕೊಡ್ತಾರೆ ನಂಗೆ, ಅಂದೆ." ನಗುತ್ತಾರೆ. ನಗು ಕೆಮ್ಮಾಗುತ್ತದೆ. "ಆಮೇಲೆ ಕಣ್ಣು ಕತ್ಲೆ ಬಂತು. ಯಾರೋ ದೇವಸ್ಥಾನಕ್ಕೆ ಓಗೋರು ಗಾಡಿ ನಿಲ್ಸಿ ಮನೆಗಂಟ ಬುಟ್ರು. ಯಾರು ಅಂತ ಮಕ ಕೂಡ ನೋಡ್ನಿಲ್ಲ ನಾನು."

ಅವತ್ತಿನಿಂದ ಅವರ ಕಾಲಿನ ಊತ ಇಳಿದಿಲ್ಲವೆಂದು ತಮ್ಮ ಹೇಳುತ್ತಾರೆ. ಅಕ್ಕ, ಅದು ಮೊದಲೂ ಇತ್ತು ಎನ್ನುತ್ತಾರೆ.

ಮಂಚಯ್ಯ ಮಗ್ಗುಲಿಗೆ ಹೊರಳಿ ಹೊರಗೆ ಬರುತ್ತಾರೆ. ಬೆಸೆದ ಜಾಗ ಗಟ್ಟಿಯಾಗಿದೆ, ಪೈಪಿನಲ್ಲಿ ದೋಷವಿಲ್ಲ. ಕೈ ಒರೆಸಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳುತ್ತಾರೆ.

"ಚಿಕ್ಕಸ್ವಾಮಣ್ಣ, ನಿಲ್ಲೋ ಮುಂಚೆ ಹೊಗೆ ಎಂಗೆ ಬತ್ತಿತ್ತು? ಕರ್ರಗೆ ಬತ್ತಿತ್ತಾ?"

"ಹೊಗೆಯೇ ಇರ್ನಿಲ್ಲ ಮಂಚಣ್ಣ. ಆಕ್ಸಿಲೇಟ್ರು ತುಳೀತಾನೇ ಇವ್ನಿ, ಅದು ಸುಮ್ಕೆ ಸೊರಗ್ಕಂಡು ಸೊರಗ್ಕಂಡು ನಿಂತೋಯ್ತದೆ."

ಮಂಚಯ್ಯನವರ ಕೈಯಲ್ಲಿದ್ದ ಬಟ್ಟೆ ಅಲ್ಲಿಗೇ ನಿಲ್ಲುತ್ತದೆ. ಅವರು ನನಗೆ ಬಿಡಿಸಿ ಹೇಳಿದ್ದು ಹೀಗೆ: ಹೊಗೆ ಹೋಗುವ ದಾರಿ ಕಟ್ಟಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆ ಬರುತ್ತದೆ. ಡೀಸೆಲ್ಲೇ ಸಾಲದಿದ್ದರೆ ಹೊಗೆಯೂ ಇರುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಡೀಸೆಲ್ ಕೇಳುವುದೇ ಸ್ವಲ್ಪ, ಆದ್ದರಿಂದ ಗೊತ್ತಾಗುವುದಿಲ್ಲ. ಏರಿನಲ್ಲಿ ಜಾಸ್ತಿ ಕೇಳುತ್ತದೆ, ಸಿಗುವುದಿಲ್ಲ, ನಿಲ್ಲುತ್ತದೆ.

"ಪಿಕಪ್ ಇಲ್ಲ ಅಂತ ಯಾರೇ ಬರ್ಲಿ, ಮೊದ್ಲು ಹೊಗೆ ಕೇಳ್ತೀನಿ. ಅವತ್ತು ಕೇಳ್ನಿಲ್ಲ," ಎನ್ನುತ್ತಾರೆ. ಯಾಕೆ ಎಂದು ನಾನು ಕೇಳಿದೆ. "ಅದು ಆಮೇಲೆ," ಎಂದು ಎದ್ದರು.

ಮುಂದಿನ ಕೆಲಸ ಸರಳ. ಕಾರಿನ ಟ್ಯಾಂಕಿನಿಂದ ಬರುವ ಡೀಸೆಲ್ ಪೈಪನ್ನು ಫಿಲ್ಟರಿನ ಹತ್ತಿರ ಬಿಚ್ಚಿ, ಬೇರೆ ಕ್ಯಾನಿನಿಂದ ರಬ್ಬರ್ ಟ್ಯೂಬಿನಲ್ಲಿ ನೇರವಾಗಿ ಡೀಸೆಲ್ ಕೊಡುವುದು. ಹಾಗೆ ಕೊಟ್ಟಾಗ ಗಾಡಿ ಏರು ಹತ್ತಿದರೆ, ದೋಷ ಎಂಜಿನ್ನಿನದಲ್ಲ, ಹಿಂದೆ ಟ್ಯಾಂಕಿನ ಕಡೆ ಎಲ್ಲೋ ಇದೆ ಎಂದರ್ಥ. ಹತ್ತದಿದ್ದರೆ ಪಂಪು ಬಿಚ್ಚಬೇಕು. ಪಂಪು ಬಿಚ್ಚಿದರೆ ನಾಳೆಗೆ ಕಾರು ಸಿಗುವುದಿಲ್ಲ. ಇದು ಮೂವರಿಗೂ ಗೊತ್ತಿದೆ.

ಮಂಚಯ್ಯ ಫಿಲ್ಟರಿನ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು. ಮುಂದಿನ ಸೀಟಿನಲ್ಲಿ ಕೂತು ಕ್ಯಾನನ್ನು ಕಾಲುಗಳ ಸಂದಿಯಲ್ಲಿ ಹಿಡಿದುಕೊಂಡರು. ಟ್ಯೂಬು ಕಿಟಕಿಯಿಂದ ಹೊರಗೆ ಹೋಗಿ ಬಾನೆಟ್ಟಿನ ಸಂದಿಯಲ್ಲಿ ಇಳಿದಿದೆ. ಭಾರ ಇರಲೆಂದು ಚಿಕ್ಕಸ್ವಾಮಿ ಹಿಂದೆ ಮರಳಿನ ಚೀಲ ಹಾಕಲು ಹೊರಟಾಗ ಮಾಯಮ್ಮ ಎದ್ದು ಬಂದರು.

"ಮರಳ್ಯಾಕಯ್ಯ? ನಾನೂ ಒಂದು ಮೂಟೆಯೇ ಕಣಯ್ಯ."

"ಬ್ಯಾಡಕ್ಕ, ಮತ್ತೆ ನಿಂತ್ಗಿಂತಾತು."

"ನಿಂತ್ರೆ ಕೋತಿಗಳ್ಗೆ ನನ್ ಗುರ್ತು ಸಿಕ್ತದೆ ಬುಡು," ಎಂದು ಹಿಂದಿನ ಸೀಟಿನಲ್ಲಿ ಕೂತರು. ಮರಳಿನ ಚೀಲಗಳೂ ಬಂದವು. ಉಳಿದ ಸಂದಿಯಲ್ಲಿ ನಾನು.

ಏರು ಶುರುವಾಯಿತು. ಮೊದಲನೆಯ ತಿರುವು, ಎರಡನೆಯದು. ಹೋದ ಸಲ ನಿಂತ ಬಂಡೆಯ ಹತ್ತಿರ ಚಿಕ್ಕಸ್ವಾಮಿಯವರ ಕೈ ಗೇರಿನ ಮೇಲೆ ಗಟ್ಟಿಯಾಯಿತು. ಕಾರು ನಿಲ್ಲಲಿಲ್ಲ. ಸದ್ದು ಒಂದೇ ಸಮನೆ ಏರುತ್ತಾ ಹೋಯಿತು. ಮೇಲೆ, ಊರು ಕಾಣುವ ತಿರುವಿನಲ್ಲಿ ಪಕ್ಕಕ್ಕೆ ನಿಲ್ಲಿಸಿದಾಗ ಚಿಕ್ಕಸ್ವಾಮಿ ಹಣೆ ಒರೆಸಿಕೊಂಡು, "ಬದುಕ್ಕಂಡೋ ಮಂಚಣ್ಣ," ಎಂದರು.

ಮಂಚಯ್ಯ ಇಳಿದು ನಿಂತರು. ಆಗಲೇ ಅವರು ಆ ಮಾತು ತೆಗೆದದ್ದು.

"ಚಿಕ್ಕಸ್ವಾಮಣ್ಣ, ಅವತ್ತು ಪೈಪು ಜಜ್ಜಿತ್ತಲ್ಲ, ಆ ಸಂದೀಲಿ ಉಳ್ಳಿ ಸೊಪ್ಪು ಸಿಕ್ಕಂಡಿತ್ತು."

ಉಳ್ಳಿ ಎಂದರೆ ಈ ಕಡೆ ಹುರುಳಿ. ಈ ರಸ್ತೆಗಳಲ್ಲಿ ಓಡಾಡುವವರಿಗೆ ಹೊಸದಲ್ಲ: ಸುಗ್ಗಿ ಮುಗಿದ ಮೇಲೆ ಹುರುಳಿಯನ್ನು ಬುಡಸಮೇತ ಕಿತ್ತು ತಂದು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ ಹಾಯ್ದು ಹಾಯ್ದು ಕಾಳು ಉದುರುತ್ತದೆ. ಉದುರಿದ ಕಾಳನ್ನು ಅಂಚಿಗೆ ಗುಡಿಸಿ, ಅದರ ಮೇಲೆ ಗಾಲಿ ಹತ್ತದಿರಲೆಂದು ಸಾಲಾಗಿ ಕಲ್ಲು ಇಡುತ್ತಾರೆ. ಕೆಲಸ ಮುಗಿದ ಮೇಲೆ ಕಲ್ಲು ಎತ್ತಿ ಹಾಕಬೇಕು. ಗಾಳಿಗೆ ಸೊಪ್ಪು ಹಾರಿ ಒಂದು ಕಲ್ಲನ್ನು ಮುಚ್ಚಿಬಿಟ್ಟರೆ, ಅದು ಅಲ್ಲಿದೆ ಎಂದು ಇಟ್ಟವರಿಗೂ ನೆನಪಿರುವುದಿಲ್ಲ.

"ನೀನು ಹೊಡಸ್ಕಂಡೆ ಅಂದ ಜಾಗ್ದಲ್ಲೇ ನಮ್ಮನೆಯೋಳೂ ಹರಡಿದ್ಲು," ಎಂದರು ಮಂಚಯ್ಯ. "ಸೊಪ್ಪು ನೋಡ್ದೇಟ್ಗೆ ಗೊತ್ತಾಯ್ತು. ಕೈ ಆಡ್ನಿಲ್ಲ ನಂಗೆ. ಸೊಪ್ಪು ಕಿತ್ತು ಜೇಬಿಗಾಕ್ಕಂಡೆ. ಪೈಪು ಹಾಕಿ ಬಿರ್ರನೆ ಗಾಡಿ ಕಳ್ಸಿಬುಟ್ರೆ ಸಾಕು ಅನ್ನಿಸ್ಬುಡ್ತು. ಹಿಂದುಕ್ಕೆ, ಟ್ಯಾಂಕಿನ ತಾವ, ಟಾರ್ಚೇ ಬುಡ್ನಿಲ್ಲ ನಾನು. ಹೊಗೆ ವಿಚಾರ್ವೂ ಕೇಳ್ನಿಲ್ಲ."

ಚಿಕ್ಕಸ್ವಾಮಿ ಬಾಗಿಲು ತೆರೆದು ಇಳಿದರು. "ಒಂದು ಕಲ್ಲಿನ ವಿಸ್ಯಕ್ಕೆ ನಾನೇನು ನಿನ್ ಮೇಲೆ ಕೇಸ್ ಹಾಕ್ತಿದ್ನಾ? ಅವತ್ತೇ ಏಳಿದ್ರೆ ಅವತ್ತೇ ಪೂರ್ತಿ ನೋಡ್ತಿದ್ದೆ ನೀನು. ಅಕ್ಕಂಗೆ ಆ ಬಂಡೆ ಮ್ಯಾಲೆ ಹೆಚ್ಚುಕಮ್ಮಿ ಆಗಿದ್ರೆ ಏನ್ ಮಾಡ್ತಿದ್ದೆ ಮಂಚಣ್ಣ?"

ಮಂಚಯ್ಯ ಬಗ್ಗಿ ಬಾನೆಟ್ಟಿನ ಸಂದಿಯ ಟ್ಯೂಬನ್ನು ಸರಿಮಾಡಿದರು.

"ಆಗ್ನಿಲ್ವಲ್ಲ," ಎಂದರು ಒಳಗಿನಿಂದ ಮಾಯಮ್ಮ. "ಗಾಡಿ ತಿರುಗ್ಸು. ಜಗಳ ಕೆಳೀಕೋಗಿ ಆಡು, ಇಲ್ಲಿ ಗಾಳಿ ಜಾಸ್ತಿ ಅದೆ."

ಚಿಕ್ಕಸ್ವಾಮಿ ಹತ್ತಿ ಗಾಡಿ ತಿರುಗಿಸಿದರು.

ಶೆಡ್ಡಿಗೆ ಬಂದು ಟ್ಯಾಂಕು ಇಳಿಸಿದಾಗ ಕಾರಣ ಕಂಡಿತು. ತಳ ಒಳಗಡೆಗೆ ತಗ್ಗು ಬಿದ್ದಿದೆ. ಹೊರಗಿನಿಂದ ನೋಡಿದರೆ ಅಂಗೈಯಷ್ಟು ಜಾಗ, ಮೇಲೆ ಮಣ್ಣು ಮೆತ್ತಿಕೊಂಡಿತ್ತು. ಆದರೆ ಡೀಸೆಲ್ ಹೀರುವ ಪೈಪಿನ ಬಾಯಿ ಟ್ಯಾಂಕಿನ ತಳದಿಂದ ಸ್ವಲ್ಪವೇ ಮೇಲಿರುತ್ತದೆ. ಉಬ್ಬಿ ಬಂದ ತಗಡು ಹೆಚ್ಚೂಕಡಿಮೆ ಆ ಬಾಯಿಗೇ ಒತ್ತಿಕೊಂಡಿತ್ತು. ಮಂಚಯ್ಯ ನನ್ನ ಕೈ ಹಿಡಿದು ಒಳಗೆ ಇಳಿಸಿ ಆ ಉಬ್ಬನ್ನು ಮುಟ್ಟಿಸಿದರು. ಒಂದು ಕಾಗದ ತೂರುವಷ್ಟು ಸಂದಿ ಇದ್ದಿರಬಹುದು.

ಒಳಗಿದ್ದ ಡೀಸೆಲ್ ಹೊರಗೆ ಸುರಿದು, ಸೋಪು ನೀರಿನಿಂದ ಮತ್ತೆ ಮತ್ತೆ ತೊಳೆದು, ಮೇಲಿನ ಬಾಯಿಯಿಂದ ಮರದ ಕೋಲು ಇಳಿಸಿ, ತಗ್ಗನ್ನು ಒಳಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ತಳ್ಳಿದರು. ಜೋರಾಗಿ ಹೊಡೆದರೆ ಹಳೆಯ ತಗಡು ಸೀಳುತ್ತದೆ. ಚಿಕ್ಕಸ್ವಾಮಿ ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಇಬ್ಬರ ನಡುವೆ ಆಗ ನಡೆದ ಮಾತು "ವಸಿ ಬಗ್ಸು", "ಇಂಗಾ", "ಅಂಗೇ ಇರ್ಲಿ" ಇಷ್ಟೇ. ಟ್ಯಾಂಕನ್ನು ಬಿಸಿಲಿಗೆ ಒಣಗಿಸಿ, ನೀರು ತುಂಬಿ ಸೋರುವುದಿಲ್ಲವೆಂದು ನೋಡಿ, ಮತ್ತೆ ಒಣಗಿಸಿ ಕಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಪೈಪಿನ ಇಡೀ ಉದ್ದಕ್ಕೂ ಟಾರ್ಚು ಬಿಟ್ಟು ನೋಡಿದರು. ಈ ಸಲ ಎರಡೆರಡು ಬಾರಿ.

ಅಕ್ಕ ತಮ್ಮ ಹಾಗೇ ಊರಿಗೆ ಹೊರಟರು. ಮಂಚಯ್ಯ ತಮ್ಮ ಮೊಪೆಡ್ಡಿನಲ್ಲಿ ಅವರ ಹಿಂದೆಯೇ ಏರಿನ ತುದಿಯವರೆಗೆ ಹೋದರು. ವಾಪಸು ಬಂದವರು ನೀರು ಕುಡಿದು, ಚೊಂಬು ಕೆಳಗಿಟ್ಟು, "ಹತ್ತುತು," ಎಂದರು.

ಸಂಜೆ ಅವರ ಮನೆಗೆ ಹೋದೆ. ಹೆಂಡತಿ ಮಾದಮ್ಮನವರಿಗೆ ಕಲ್ಲಿನ ವಿಷಯ ಮಂಚಯ್ಯ ಹೇಳಿದ್ದು ಅವತ್ತೇ, ನನ್ನೆದುರಿಗೆ. ವಾರವಿಡೀ ಹೇಳಿರಲಿಲ್ಲ. ಅವರು ಮೊರದಲ್ಲಿ ಹುರುಳಿ ಕೇರುತ್ತಿದ್ದರು, ಮೊರ ನಿಂತಿತು.

"ಅದ್ಕೇಯಾ ಎಂಟು ದಿನದಿಂದ ಮಂಕು ಬಡ್ದಂಗೆ ಕುಂತಿರೋದು ನೀವು? ಕಂಡೋರ ಗಾಡಿ ಕಾಯ್ಲೆಯೆಲ್ಲಾ ಏಳ್ತೀರ, ನಿಮ್ದು ಏಳಾಕೆ ಏನಾಗಿತ್ತು?" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ಕಲ್ಲೆಲ್ಲಾ ಎತ್ತಾಕ್ದೆ ನಾನು. ಎಣಿಸ್ಕಂಡು ಎತ್ತಾಕ್ದೆ ಅಂತ ಏಳಕ್ಕಾಗಲ್ಲ. ಆ ಜಾಗ್ದಲ್ಲಿ ಮೂರು ಮನೆಯೋರು ಹರಡಿದ್ದೋ. ನಮ್ದೇ ಕಲ್ಲು ಅಂತ ಎಂಗೆ ಏಳದು? ಅಲ್ಲ ಅಂತ್ಲಾದ್ರೂ ಎಂಗೆ ಏಳದು?"

ಊರಿನ ಹೆಸರು ಬೇಡವೆಂದದ್ದು ಇದಕ್ಕೇ. ತಮ್ಮ ಹೆಸರು ಹಾಕಿ ಎಂದರು ಮಂಚಯ್ಯ. ಉಳಿದ ಎರಡು ಮನೆಯವರಿಗೆ ಮಾತು ಬರಬಾರದು.

ಮೊದಲು ಊರ ಮುಂದೆ ಒಕ್ಕಣೆಗೆಂದು ಒಂದು ಕಣ ಇತ್ತಂತೆ. ಈಗ ಅಲ್ಲಿ ಮನೆಗಳೆದ್ದಿವೆ. ರಾಗಿಗೆ ಮಿಷನ್ನು ಬರುತ್ತದೆ. ಮನೆ ಖರ್ಚಿಗಷ್ಟೇ ಬೆಳೆದ ಒಂದೆರಡು ಹೊರೆ ಹುರುಳಿಗೆ ಯಾರೂ ಮಿಷನ್ನು ತರುವುದಿಲ್ಲ. ರಸ್ತೆ ಹತ್ತಿರದಲ್ಲಿದೆ, ಬಸ್ಸು ತಾನಾಗಿ ಬರುತ್ತದೆ.

ಈಗ ಮಂಚಯ್ಯ ಶೆಡ್ಡಿನಲ್ಲಿ ಬಿದ್ದಿದ್ದ ಸವೆದ ಟೈರುಗಳನ್ನು ಮೊಪೆಡ್ಡಿನಲ್ಲಿ ಹೊತ್ತು ತಂದು ಕಲ್ಲಿನ ಬದಲು ಇಟ್ಟಿದ್ದಾರೆ. ಗಾಡಿ ಹತ್ತಿದರೂ ತಳಕ್ಕೆ ಏಟಾಗುವುದಿಲ್ಲ. ತಮ್ಮ ರಾಶಿಗೆ ಮಾತ್ರವಲ್ಲ, ಪಕ್ಕದವರದಕ್ಕೂ ಇಡಲು ಹೋದಾಗ ಒಬ್ಬ ಅಜ್ಜಿ ಕೈಯಲ್ಲಿ ಪೊರಕೆ ಹಿಡಿದೇ ಎದ್ದರಂತೆ: "ನಿಮ್ ಶೆಡ್ಡಿನ ಕಸಾನೆಲ್ಲಾ ನನ್ ಕಾಳಿನ ತಾವ ತಂದಾಕ್ತಿದ್ದೀಯಾ ಮಂಚಾ? ತಿನ್ನೋ ಪದಾರ್ಥ ಕಣ್ಲಾ ಅದು!" ಮಂಚಯ್ಯ ಟೈರನ್ನು ಕೆರೆಯಲ್ಲಿ ತಿಕ್ಕಿ ತೊಳೆದು ತಂದರು. ಅಜ್ಜಿ ಒಪ್ಪಿದರು, ಒಂದು ಕಲ್ಲನ್ನು ಮಾತ್ರ ಹಾಗೇ ಉಳಿಸಿಕೊಂಡರು. ಕತ್ತಲಾದ ಮೇಲೆ ಮಂಚಯ್ಯ ಹೋಗಿ ಅದನ್ನು ಚರಂಡಿಗೆ ಉರುಳಿಸಿ ಬಂದರು.

ಟ್ಯಾಂಕು ಕಟ್ಟಿದ ಮರುದಿನ ಮಾಯಮ್ಮ ಡಯಾಲಿಸಿಸ್ ಮುಗಿಸಿ ಹಿಂದಿರುಗುವಾಗ ಕಾರು ಕ್ರಾಸಿನಲ್ಲಿ ನಿಂತಿತು. ಚಿಕ್ಕಸ್ವಾಮಿ ಇಳಿಯಲಿಲ್ಲ. ಮಾಯಮ್ಮ ಕಿಟಕಿಯ ಗಾಜು ಇಳಿಸಿ, "ಮಂಚಯ್ಯ, ಇವತ್ತು ಕೋತಿ ನೋಡ್ದೇನೆ ಓಯ್ತೀನಿ ಅಂತೀಯಾ?" ಎಂದರು. "ಓಗ್ತೀರ ಕಣಕ್ಕ," ಎಂದರು ಮಂಚಯ್ಯ. ಕಾರು ಹೋದ ಮೇಲೂ ಸ್ಪ್ಯಾನರ್ ಹಿಡಿದುಕೊಂಡು, ಅದರ ಸದ್ದು ಕೇಳಿಸುವಷ್ಟು ಹೊತ್ತೂ ನಿಂತಿದ್ದರು.

ನಿಮಗೇನು ಆಸೆ ಎಂದು ಹೊರಡುವ ಮುನ್ನ ಕೇಳಿದೆ. ಇಂಥ ಬರಹಗಳಲ್ಲಿ ಕೇಳುವ ಪ್ರಶ್ನೆ ಅದು, ಕೇಳಲು ಸಂಕೋಚವಾಯಿತು. ಅವರು ತುಂಬಾ ಹೊತ್ತು ಯೋಚಿಸಲಿಲ್ಲ. "ಊರ್ಗೊಂದು ಕಣ ಆಗ್ಬೇಕು ಸಾರ್. ಸಣ್ದೇ ಆಗ್ಲಿ. ಆ ಅಕ್ಕ ಇರೋಗಂಟ ಆ ಗಾಡಿ ಓಡ್ಬೇಕು. ಅದ್ನ ನಾನು ನೋಡ್ಕತ್ತೀನಿ."

ಕಾರಿನ ತಳಕ್ಕೆ ಬಡಿದ ಕಲ್ಲು ಯಾರ ಮನೆಯದು ಎಂಬುದು ನನಗೆ ಗೊತ್ತಾಗಲಿಲ್ಲ. ಮೂರು ಮನೆಯವರನ್ನೂ ಕೇಳಿದೆ. ಯಾರೂ ತಮ್ಮದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಬಂಡೆಯ ಮೇಲೆ ಕೂತ ಆ ಹೊತ್ತು ಮಾಯಮ್ಮನವರ ದೇಹಕ್ಕೆ ಏನಾದರೂ ಕೇಡು ಮಾಡಿತೋ ಇಲ್ಲವೋ, ಅದೂ ಗೊತ್ತಿಲ್ಲ. ಚಿಕ್ಕಸ್ವಾಮಿಯವರು ಮಂಚಯ್ಯನವರನ್ನು ಮನಸ್ಸಿನಲ್ಲಿ ಕ್ಷಮಿಸಿದ್ದಾರೋ ಇಲ್ಲವೋ. ಅದನ್ನು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.